ಬಿಟ್ಟಾಯ್ತಾ?

ಆಫೀಸಿನಲ್ಲಿ ಅವಳನ್ನು ಎಲ್ಲರೂ ವೃತ್ತದಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಸುಳ್ಳಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳು ಮಾಡುತ್ತಿದ್ದದ್ದು ನಕಾಶೆಯ ಮೇಲೆ ವೃತ್ತ ಎಳೆಯುವ ಕೆಲಸ. ಔಷಧಿ ಅಂಗಡಿಯ ಸುತ್ತ ಒಂದು ವೃತ್ತ. ಅದರೊಳಗೆ ಕಾಲಿಟ್ಟ ತಕ್ಷಣ ಜೇಬಿನಲ್ಲಿರುವ ಫೋನು 'ಅಮ್ಮನ ಮಾತ್ರೆ' ಎಂದು ನೆನಪಿಸುತ್ತದೆ. ಗ್ರಂಥಾಲಯದ ಸುತ್ತ ಇನ್ನೊಂದು. ಹತ್ತಿರ ಹೋದರೆ 'ಪುಸ್ತಕ ವಾಪಸು'. ಕೇಳುವವರಿಗೆ ಮಕ್ಕಳಾಟ. ಆದರೆ ವೃತ್ತ ಚಿಕ್ಕದಾದರೆ ಫೋನಿಗೆ ಸಿಕ್ಕುವುದಿಲ್ಲ, ದೊಡ್ಡದಾದರೆ ಪಕ್ಕದ ಬೀದಿಯಲ್ಲಿ ಕ್ಷೌರಕ್ಕೆ ಕುಳಿತವನಿಗೂ ಅಮ್ಮನ ಮಾತ್ರೆ ನೆನಪಾಗುತ್ತದೆ. ನೂರೈವತ್ತು ಮೀಟರು ಎಂಬುದು ಅವಳು ಎರಡು ವರ್ಷ ಬೀದಿ ಸುತ್ತಿ, ಚಪ್ಪಲಿ ಸವೆಸಿ ಕಂಡುಕೊಂಡ ಅಳತೆ.

ಅವಳಿಗೆ ಇನ್ನೂ ಒಂದು ಹಟವಿತ್ತು. ಫೋನು ಮನುಷ್ಯರನ್ನು ಗೋಳು ಹೊಯ್ದುಕೊಳ್ಳಬಾರದು. ಒಮ್ಮೆ ಕೇಳಬೇಕು, ಉತ್ತರ ಬಂದರೆ ಆ ದಿನವೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಉತ್ತರವೂ ಒಂದೇ ಗುಂಡಿ, ಒಂದೇ ಪದ. ಹೀಗಾಗಿ ಪದಗಳನ್ನು ತೂಗಿ ಕೊಡಲು ಆಫೀಸಿನವರು ಒಬ್ಬ ಹಿರಿಯರನ್ನು ಇಟ್ಟುಕೊಂಡಿದ್ದರು. ಅವರು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು, ಎಲ್ಲರಿಗೂ ಕರಡು ಮಾಮ. ಅಲ್ಪವಿರಾಮ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೂ ಅವರ ಅಪ್ಪಣೆ ಬೇಕು ಎಂದು ಹುಡುಗರು ನಗುತ್ತಿದ್ದರು.

ಈಗ ತಯಾರಾಗಿದ್ದದ್ದು ಮಗುವಿನ ನೆನಪು. ಬೆಳಿಗ್ಗೆ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ ಅಪ್ಪನೋ ಅಮ್ಮನೋ ಶಿಶುವಿಹಾರದ ವೃತ್ತ ದಾಟಿದ ಕೂಡಲೇ ಫೋನು ಮೆಲ್ಲಗೆ ಕೇಳುತ್ತದೆ: ಬಿಟ್ಟಾಯ್ತಾ? ಕೆಳಗೆ ಒಂದು ಹಸಿರು ಗುಂಡಿ: ಬಿಟ್ಟಾಯ್ತು. ಅದನ್ನು ಒತ್ತದೆ ಕೆಲಸದ ಜಾಗ ತಲುಪಿದರೆ ಫೋನು ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ, ಮನೆಯ ಇನ್ನೊಬ್ಬರಿಗೂ ಸುದ್ದಿ ಮುಟ್ಟಿಸುತ್ತದೆ. ಕರಡು ಮಾಮ ಆ ಪದವನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

"ಏನನ್ನ ಬಿಟ್ಟಾಯ್ತು ಅಂತ ಬೇಡ್ವೇನಮ್ಮ?"

"ಜಾಗ ಇಲ್ಲ ಮಾಮ," ಎಂದಿದ್ದಳು ಅವಳು. ಶಿಶುವಿಹಾರದ ಬಾಗಿಲಲ್ಲಿ ನಿಂತವರಿಗೆ ಇನ್ನೇನು ಅರ್ಥವಾದೀತು ಎಂದೂ ಸೇರಿಸಿದ್ದಳು. ಮಾಮ ಒಪ್ಪಿದರು. ಒಪ್ಪಿದರೆನ್ನುವುದಕ್ಕಿಂತ ಸುಮ್ಮನಾದರು ಎನ್ನಬೇಕು.

ಈ ನೆನಪನ್ನು ಅವಳು ಯಾಕೆ ಮಾಡಿದಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳೇ ಶಿಶುವಿಹಾರ ದಾಟಿ ಆಫೀಸಿನ ಅರ್ಧ ದಾರಿಗೆ ಹೋಗಿಬಿಟ್ಟಿದ್ದಳು. ತಲೆಯಲ್ಲಿ ಯಾವುದೋ ಕೆಲಸದ ಗುಂಗು. ಹಿಂದಿನಿಂದ ಒಂದು ಸೀನು ಕೇಳಿಸಿತು. ಮಗಳು ಗುಬ್ಬಿ ಸೀನಿದ್ದಳು. ಆ ಸೀನು ಬರದಿದ್ದರೆ ಎಂದು ನೆನೆದು ಅವಳು ಎಷ್ಟೋ ದಿನ ಊಟ ಬಿಟ್ಟು ಎದ್ದಿದ್ದಾಳೆ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ಬೈಯುವವನಲ್ಲ, ಆದರೆ ಹೇಳಿಕೊಳ್ಳುವಂಥ ಮಾತೇ ಅದು? ಗುಬ್ಬಿಗೆ ಆಗ ಒಂಬತ್ತು ತಿಂಗಳು. ಈಗ ಒಂದು ವರ್ಷ ಎರಡು ತಿಂಗಳು, ಕಾರು ಹೊರಟು ಎರಡು ನಿಮಿಷಕ್ಕೆ ನಿದ್ದೆ.

ದಿನವೂ ಮಗುವನ್ನು ಶಿಶುವಿಹಾರಕ್ಕೆ ತಲುಪಿಸುವವಳು ಅವಳು. ಆ ದಿನ ಮಾತ್ರ ಒಂಬತ್ತೂವರೆಗೆ ಒಂದು ದೊಡ್ಡ ಸಭೆ ಇತ್ತು. ಹತ್ತಾರು ಶಿಶುವಿಹಾರ ನಡೆಸುವ ಸಂಸ್ಥೆಯೊಂದರ ಮೂವರು ಮಗುವಿನ ನೆನಪನ್ನು ನೋಡಲು ಬರುವವರಿದ್ದರು. ಹಾಗಾಗಿ ಅವಳು ಏಳೂವರೆಗೇ ಬಸ್ಸು ಹಿಡಿದಳು, ಕಾರೂ ಮಗುವೂ ಗಂಡನ ಪಾಲಿಗೆ ಬಂದವು. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಹೊರಡುವ ಮುಂಚೆ ಅವನ ಫೋನಿನಲ್ಲಿ ಮಗುವಿನ ನೆನಪನ್ನು ಹಾಕಿಕೊಟ್ಟು, ಕೇಳಿದಾಗ ಉತ್ತರ ಕೊಡಿ ಎಂದು ಹೇಳಿದಳು. ಅವನು ಹಲ್ಲುಜ್ಜುತ್ತ ತಲೆಯಾಡಿಸಿದ. ಏನು ಕೇಳುತ್ತದೆ, ಎಲ್ಲಿ ಕೇಳುತ್ತದೆ ಎಂದು ಅವನೂ ವಿಚಾರಿಸಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಬೇಕಾಗಿ ಬಂದರೆ ತನ್ನ ಕೆಲಸ ಕೆಟ್ಟಿದೆ ಎಂದರ್ಥ ಎಂಬುದು ಅವಳ ಜಂಬ.

ಸಭೆ ಚೆನ್ನಾಗಿಯೇ ಶುರುವಾಯಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡ ಹದಿನಾಲ್ಕು ಫೋನುಗಳ ಆ ಬೆಳಗಿನ ಪಟ್ಟಿ ಮೂಡಿತು. ಎಲ್ಲವೂ ಆಫೀಸಿನವರ ಮನೆಯ ಫೋನುಗಳೇ. ಏಳನೆಯದು ಅವಳ ಗಂಡನದು. ಅದರ ಮುಂದೆ ಹಸಿರಿನಲ್ಲಿ, ಎಂಟು ನಲವತ್ತೆರಡು, ಬಿಟ್ಟಾಯ್ತು. ಬಂದವರಲ್ಲಿ ಒಬ್ಬಾಕೆ, ಇಷ್ಟು ಸುಲಭವೇ ಎಂದು ಮೆಚ್ಚಿಕೊಂಡರು. ಕಂಪನಿಯ ಯಜಮಾನಿಯ ಮುಖ ಅರಳಿತು. ವೃತ್ತದಮ್ಮ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು, ಪಕ್ಕದ ಸಾಲಿನಲ್ಲಿರುವುದು ಫೋನು ವೃತ್ತದೊಳಗೆ ಎಷ್ಟು ಹೊತ್ತು ಇತ್ತೆಂಬ ಲೆಕ್ಕ ಎಂದು ವಿವರಿಸಲು ಹೊರಟಳು. ಒಂದನೆಯ ಫೋನು ಎಂಟು ನಿಮಿಷ. ಎರಡನೆಯದು ಹನ್ನೊಂದು. ಏಳನೆಯದು ನಲವತ್ತು ಸೆಕೆಂಡು.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು.

ನಲವತ್ತು ಸೆಕೆಂಡು. ಕಾರು ನಿಲ್ಲಿಸಿ, ಬೆಲ್ಟು ಬಿಚ್ಚಿ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು, ಗೇಟು ತೆಗೆಸಿ, ಪುಸ್ತಕದಲ್ಲಿ ಸಹಿ ಮಾಡಿ, ಅಳುವ ಮಗುವನ್ನು ಕೊರಳಿಂದ ಬಿಡಿಸಿಕೊಂಡು ಹೊರಬರಲು ಅವಳಿಗೆ ಒಂಬತ್ತು ನಿಮಿಷ ಬೇಕು. ನಲವತ್ತು ಸೆಕೆಂಡಿನಲ್ಲಿ ಆಗುವ ಕೆಲಸ ಒಂದೇ. ಆ ರಸ್ತೆಯಲ್ಲಿ ಕಾರು ನಿಲ್ಲದೆ ಮುಂದೆ ಹೋಗುವುದು.

ಇರಲಾರದು, ಫೋನು ತಪ್ಪು ಬರೆದಿರಬೇಕು ಎಂದುಕೊಂಡಳು. ಆದರೆ ಫೋನು ತಪ್ಪು ಬರೆಯದಂತೆ ಎರಡು ವರ್ಷ ತಿದ್ದಿದವಳು ಅವಳೇ. ಕ್ಷಮಿಸಿ ಎಂದಳೋ ಇಲ್ಲವೋ, ಬಾಗಿಲ ಹೊರಗೆ ನಿಂತು ಗಂಡನಿಗೆ ಫೋನು ಮಾಡುತ್ತಿದ್ದಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ನಿಲ್ಲಲೇಬೇಕು. ಗಾಜಿನ ಪುಡಿ ಹಿಡಿಯುತ್ತದೆಂದು ಅಲ್ಲಿ ಎಲ್ಲರ ಫೋನುಗಳನ್ನೂ ಬಾಗಿಲ ಬಳಿಯ ಕಪಾಟಿನಲ್ಲಿಡಿಸುತ್ತಾರೆ, ಒಳಗೆ ಉಜ್ಜುವ ಚಕ್ರದ ಸದ್ದಿಗೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಅಂಗಡಿಯ ಮುಂಬಾಗಿಲು ತೆರೆಯುವುದು ಹತ್ತೂವರೆಗೆ. ಅಲ್ಲಿಯತನಕ ಅಂಗಡಿಯ ಫೋನು ಎತ್ತುವವರು ಯಾರೂ ಇಲ್ಲ. ಶಿಶುವಿಹಾರಕ್ಕೆ ಮಾಡಿದಳು. ಯಾರೋ ಮಾತಾಡುತ್ತಿದ್ದರು, ಸಂಪರ್ಕ ಸಿಗಲಿಲ್ಲ.

ಗಂಟೆ ಒಂಬತ್ತು ನಲವತ್ತಾರು. ಬೀದಿಗೆ ಓಡಿ ಟ್ಯಾಕ್ಸಿ ಹತ್ತಿದಳು. ಚೀಲ, ಕೋಟು, ಪರದೆಯ ಮುಂದೆ ಬಾಯಿ ಬಿಟ್ಟು ಕುಳಿತ ಜನ, ಎಲ್ಲವೂ ಹಿಂದೆಯೇ ಉಳಿದವು.

ಅವಳ ಹೆದರಿಕೆಗೆ ಒಂದು ಗಡಿಯಾರವಿತ್ತು. ಕಾರು ತಂದ ದಿನ ಅವನು ಅದನ್ನು ನಿಲ್ಲಿಸುವುದು ಅಂಗಡಿಯ ಹಿಂದಿನ ಅಂಗಳದಲ್ಲಿ, ಪೂರ್ವದ ಎತ್ತರದ ಗೋಡೆಯ ಬುಡದಲ್ಲಿ. ಬೆಳಿಗ್ಗೆ ಅಲ್ಲಿ ತಂಪು ನೆರಳು. ಹತ್ತು ಗಂಟೆಗೆ ಬಿಸಿಲು ಗೋಡೆ ಹತ್ತಿ ಇಳಿಯುತ್ತದೆ. ಹೋದ ವಾರ ಒಂದು ದಿನ ಹನ್ನೊಂದು ಗಂಟೆಗೆ ಅವಳು ಅಲ್ಲಿಂದ ಕಾರು ತೆಗೆದುಕೊಂಡು ಹೋಗಿದ್ದಳು. ಸ್ಟೀರಿಂಗ್ ಮುಟ್ಟಲಾಗದೆ ಕರವಸ್ತ್ರ ಸುತ್ತಿ ಹಿಡಿದಿದ್ದಳು. ಅದು ನೆನಪಾದದ್ದೇ ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಮ್ಮಿದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಹುಷಾರಿಲ್ವೇನಮ್ಮ ಎಂದ. ಮಗು ಕಾರಿನಲ್ಲಿ ಉಳಿದಿದೆ ಎಂದು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹೇಳಿದ ಮೇಲೆ ಅದು ನಿಜವಾಗಿಬಿಟ್ಟಿತು. ಅವನು ಆಮೇಲೆ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಒಂಬತ್ತು ಐವತ್ತೆರಡಕ್ಕೆ ಶಿಶುವಿಹಾರದ ಆಯಾ ಫೋನು ಎತ್ತಿದಳು. ಅವಳ ದನಿ ಎಂದಿನಂತೆ ನಗುತ್ತಿತ್ತು.

"ಗುಬ್ಬಿ ಇವತ್ತು ಬಂದೇ ಇಲ್ವಲ್ಲ. ರಜಾ ಹಾಕ್ಸಿದೀರಿ ಅಂದ್ಕೊಂಡ್ವಿ."

ತುರ್ತು ಸೇವೆಯವರಿಗೆ ವಿಳಾಸ ಹೇಳಿದಳು. ಗಾಡಿ ಕಳಿಸುತ್ತೇವೆ, ಹದಿನೈದು ನಿಮಿಷವಾದರೂ ಬೇಕು ಎಂದರು. ಟ್ಯಾಕ್ಸಿಗೂ ಅಷ್ಟೇ ಬೇಕು. ಮುಂದೆ ಕೆಂಪು ದೀಪ, ಅದರ ಹಿಂದೆ ಬಸ್ಸುಗಳ ಸಾಲು. ಇಳಿದು ಓಡಿದರೆ ಇನ್ನೂ ತಡ. ಇಡೀ ಊರಿನ ಜಾಗಗಳನ್ನೆಲ್ಲ ಅಂಗೈಯಲ್ಲಿಟ್ಟುಕೊಂಡವಳಿಗೆ ಆ ಒಂದು ಅಂಗಳಕ್ಕೆ ಕೈ ಎಟುಕುತ್ತಿರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಕೈ ಎಟುಕುವುದಿಲ್ಲ, ವೃತ್ತ ಎಟುಕುತ್ತದೆ.

ಯಾರು ಎಲ್ಲಿದ್ದಾರೆಂದು ಆಫೀಸಿಗೆ ಗೊತ್ತಿರುವುದಿಲ್ಲ, ಗೊತ್ತಾಗಕೂಡದೆಂದು ಅವಳೇ ಜಗಳವಾಡಿದ್ದಳು. ಆದರೆ ಒಂದು ವೃತ್ತವನ್ನೂ ಒಂದು ಮಾತನ್ನೂ ಈ ನೆನಪುಗಳನ್ನು ಹಾಕಿಕೊಂಡ ಊರಿನ ಎಲ್ಲ ಫೋನುಗಳಿಗೂ ಕಳಿಸಬಹುದು. ಯಾವ ಫೋನು ಆ ವೃತ್ತದೊಳಗಿದೆಯೋ ಅದು ಮಾತ್ರ ತಾನಾಗಿ ಬಡಿದುಕೊಳ್ಳುತ್ತದೆ. ಯಾರ ಫೋನಿಗೂ ಅವರು ಕೇಳದ ಮಾತನ್ನು ಕಳಿಸಬಾರದೆಂಬುದು ಕಂಪನಿಯ ಕಟ್ಟುನಿಟ್ಟು. ಕಳಿಸುವ ಬೀಗದಕೈ ಇದ್ದದ್ದು ಮಾತುಗಳನ್ನು ಕೊನೆಯದಾಗಿ ಓದುವ ಕರಡು ಮಾಮನ ಬಳಿ.

ಮಾಮ ಮೊದಲ ರಿಂಗಿಗೇ ಎತ್ತಿದರು. ಅವಳು ತಡವರಿಸುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು. ಯಾಕೆ, ಹೇಗೆ, ಯಜಮಾನಿಯನ್ನು ಕೇಳಿದೆಯಾ ಎನ್ನಲಿಲ್ಲ.

"ಮಾತು ಹೇಳಮ್ಮ, ಬರ್ಕೋತೀನಿ."

ಕನ್ನಡಕದ ಅಂಗಡಿಯ ಹಿಂದೆ ನಿಂತ ನೀಲಿ ಕಾರಿನಲ್ಲಿ ನಮ್ಮ ಮಗು ಸಿಕ್ಕಿಹಾಕಿಕೊಂಡಿದೆ, ದಯವಿಟ್ಟು ಯಾರಾದರೂ ಎಂದು ಅವಳು ಒಂದೇ ಉಸಿರಿನಲ್ಲಿ ಶುರುಮಾಡಿದಳು. ಮಾಮ ತಡೆದರು.

"ಉದ್ದ ಆಯ್ತು. ಮಾಡ್ಬೇಕಾದ್ದು ಮೊದ್ಲು ಬರ್ಲಿ. ಗಾಜು ಒಡೆಯಿರಿ. ಕನ್ನಡಕದ ಅಂಗಡಿ ಹಿಂದೆ ನೀಲಿ ಕಾರು. ಹಿಂದಿನ ಸೀಟಿನಲ್ಲಿ ಮಗು. ಇಷ್ಟು ಸಾಕಾ?"

ಸಾಕು ಎಂದಳು. ಅವರು ಇನ್ನೊಂದು ಸಲ, ಪದ ಪದ ಬಿಡಿಸಿ, ಓದಿದರು. ಮೂವತ್ತು ವರ್ಷದ ಅಭ್ಯಾಸ. ಆ ನಾಲ್ಕು ಸೆಕೆಂಡು ಅವಳಿಗೆ ಒಂದು ಜನ್ಮ ಕಳೆದಂತಾಯಿತು, ಬೇಗ ಮಾಮ ಎಂದು ಅಳತೊಡಗಿದಳು.

"ಎರಡನೇ ಅರ್ಥ ಬರ್ಬಾರ್ದಲ್ಲಮ್ಮ," ಎಂದರು ಮಾಮ. "ಗುಂಡಿ ಏನಿಡ್ಲಿ?"

"ಗುಂಡಿ ಬೇಡ. ಯಾರೂ ಅದನ್ನ ನಿಲ್ಲಿಸೋ ಹಾಗಿರ್ಬಾರ್ದು."

ಒಂಬತ್ತು ಐವತ್ತೆಂಟಕ್ಕೆ ಹೋಯಿತು. ಆ ಮೇಲಿನ ಹದಿನೇಳು ನಿಮಿಷ ಅವಳಿಗೆ ಏನೂ ತಿಳಿಯಲಿಲ್ಲ. ವೃತ್ತದೊಳಗೆ ಯಾರಾದರೂ ಇದ್ದಾರೋ ಇಲ್ಲವೋ. ಇದ್ದರೂ ಯಾವುದೋ ಜಾಹೀರಾತು ಎಂದು ಬೆರಳಿನಿಂದ ಆಚೆ ತಳ್ಳಿಬಿಟ್ಟರೋ. ಜನ ಫೋನಿನ ಮಾತನ್ನು ಹೇಗೆ ಓದುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಓದುವುದಿಲ್ಲ, ಒತ್ತುತ್ತಾರೆ. ರಸ್ತೆಯ ಮೇಲೆ ಬಿಸಿಲು ಬೆಳ್ಳಗೆ ಹರಡುತ್ತಿತ್ತು. ಅವಳು ಅದನ್ನು ನೋಡಲಾರದೆ ಮಂಡಿಗಳ ಮೇಲೆ ತಲೆಯಿಟ್ಟು ಗುಬ್ಬಿಯ ಸೀನನ್ನು ನೆನಪಿಸಿಕೊಂಡಳು. ಇನ್ನೊಂದು ಸಲ ಸೀನು ಕಂದ, ಜೋರಾಗಿ ಸೀನು, ಜೋರಾಗಿ ಅಳು ಎಂದು ಅಲ್ಲಿಂದಲೇ ಬೇಡಿಕೊಂಡಳು.

ಅಂಗಳದ ಬಾಯಿಗೆ ಟ್ಯಾಕ್ಸಿ ಬಂದಾಗ ಮೊದಲು ಕಂಡದ್ದು ನೆಲದ ಮೇಲಿನ ಗಾಜಿನ ಚೂರುಗಳು. ನೀಲಿ ಕಾರಿನ ಹಿಂದಿನ ಕಿಟಕಿ ಇರಲಿಲ್ಲ. ಅವಳು ಓಡಿಹೋಗಿ ಒಳಗೆ ಬಗ್ಗಿದಳು. ಸೀಟು ಖಾಲಿ. ಮಗು ಕೂರುವ ಪುಟ್ಟ ಕುರ್ಚಿಯೂ ಇಲ್ಲ, ಬೊಂಬೆಯೂ ಇಲ್ಲ, ಏನೂ ಇಲ್ಲ. ಬಾಗಿಲು ಹಿಡಿದುಕೊಂಡು ಇನ್ನಷ್ಟು ಬಗ್ಗಿದವಳ ಕಣ್ಣಿಗೆ ಸೀಟಿನ ಮೇಲೆ ಬಿದ್ದಿದ್ದ ಒಂದು ಮೀನಿನ ಗಾಳ ಕಂಡಿತು. ಅವಳ ಗಂಡ ಹುಟ್ಟಿದಾಗಿನಿಂದ ಮೀನು ಹಿಡಿದವನಲ್ಲ. ಇದು ಬೇರೆ ಯಾರದೋ ಕಾರು.

ಆಚೆ ಪಕ್ಕದಲ್ಲಿ, ಗೋಡೆಗೆ ಅಂಟಿಕೊಂಡಂತೆ, ಇನ್ನೊಂದು ನೀಲಿ ಕಾರು ನಿಂತಿತ್ತು. ಅದರ ಗಾಜೂ ಒಡೆದಿತ್ತು. ಅರ್ಧ ಕಾರು ಬಿಸಿಲಿನಲ್ಲಿತ್ತು. ಕುರ್ಚಿಯ ಬೆಲ್ಟು ಬಿಚ್ಚಿ ನೇತಾಡುತ್ತಿತ್ತು.

"ಇಲ್ಲಿ ಬನ್ನಿ ತಾಯಿ, ಇಲ್ಲಿದೆ," ಎಂದು ಯಾರೋ ಕರೆದರು.

ಎದುರು ಮೂಲೆಯಲ್ಲಿ ಒಂದು ಇಸ್ತ್ರಿ ಅಂಗಡಿ. ಬಟ್ಟೆಗಳ ಗಂಟಿನ ಮೇಲೆ ಒಬ್ಬ ದಪ್ಪನೆಯ ಹೆಂಗಸು ಕುಳಿತಿದ್ದಳು. ಅವಳ ತೊಡೆಯ ಮೇಲೆ ಗುಬ್ಬಿ ಇದ್ದಳು, ಬರೀ ಮೈಯಲ್ಲಿ, ಮುಖ ಬೆಂದಂತೆ ಕೆಂಪಗೆ, ತುಟಿ ಒಣಗಿ. ಹೆಂಗಸು ಯಾರದೋ ಬಿಳಿ ಅಂಗಿಯನ್ನು ನೀರಿನಲ್ಲಿ ಅದ್ದಿ ಮಗುವಿನ ಕತ್ತು, ಕಂಕುಳು ಒರೆಸುತ್ತಿದ್ದಳು. ಗುಬ್ಬಿ ಕಣ್ಣು ಅರ್ಧ ತೆರೆದು ಅಮ್ಮನನ್ನು ನೋಡಿದಳು. ಅಳಲಿಲ್ಲ. ಅಳಲೂ ಶಕ್ತಿಯಿರಲಿಲ್ಲ. ತಾಯಿ ಮಗುವಿನ ಎದೆಗೆ ಕಿವಿಯಿಟ್ಟಳು. ಬಡಿತ ಓಡುತ್ತಿತ್ತು, ಆದರೆ ಇತ್ತು.

"ಫೋನು ಒಂದೇ ಸಮ ಕಿರಚ್ತಾ ಇತ್ತು," ಎಂದಳು ಇಸ್ತ್ರಿಯವಳು. "ನಿಲ್ಸೋಣ ಅಂದ್ರೆ ಗುಂಡೀನೇ ಇಲ್ಲ. ಅದಕ್ಕೇ ಓದ್ದೆ. ಎರಡು ನೀಲಿ ಕಾರಿದ್ವು, ಎರಡರ ಗಾಜಿಗೂ ಬಿಸಿಲಿನ ಪರದೆ ಹಾಕಿತ್ತು, ಯಾವ್ದು ಅಂತ ನೀವು ಬರ್ದಿಲ್ಲ. ಇಸ್ತ್ರಿಪೆಟ್ಟಿಗೆ ತಗೊಂಡು ಎರಡನ್ನೂ ಒಡ್ದೆ."

ಅಷ್ಟರಲ್ಲಿ ತುರ್ತು ಗಾಡಿಯವರು ಬಂದು ಮಗುವನ್ನು ಎತ್ತಿಕೊಂಡರು. ಆ ಗಾಡಿಯ ಸದ್ದು ಉಜ್ಜುವ ಚಕ್ರದ ಸದ್ದನ್ನೂ ಮೀರಿ ಒಳಗೆ ಮುಟ್ಟಿರಬೇಕು. ಹಿಂಬಾಗಿಲು ತೆರೆದು ಕೆಲಸದವರು ಒಬ್ಬೊಬ್ಬರಾಗಿ ಹೊರಬಂದರು. ಕೊನೆಯಲ್ಲಿ ಅವಳ ಗಂಡ, ಮೈಯೆಲ್ಲ ಬಿಳಿ ಪುಡಿ, ಏನೋ ತಮಾಷೆ ನೋಡಲು ಬಂದವನ ಹಾಗೆ ಕತ್ತು ಉದ್ದ ಮಾಡಿಕೊಂಡು. ಒಡೆದ ಗಾಜು ನೋಡಿ, ಅಯ್ಯೋ ನಮ್ಮ ಕಾರು ಎಂದ. ಆಮೇಲೆ ಹೆಂಡತಿಯನ್ನು ನೋಡಿದ. ಆಮೇಲೆ ಗಾಡಿಯೊಳಗೆ ಹೋಗುತ್ತಿದ್ದ ಪುಟ್ಟ ಕಾಲುಗಳನ್ನು ನೋಡಿದ. ಅವನ ಬಾಯಿಂದ ಬಂದ ಸದ್ದನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

ಆಸ್ಪತ್ರೆಯ ವೈದ್ಯೆ ನೇರ ಮಾತಿನವಳು. ಮಗು ಉಳಿಯುತ್ತದೆ, ಇನ್ನೊಂದು ಇಪ್ಪತ್ತು ನಿಮಿಷವಾಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ ಎಂದಳು. ಒಂದು ದಿನ ಇಲ್ಲೇ ಇರಲಿ ಎಂದು ಗುಬ್ಬಿಯ ಪುಟ್ಟ ಕೈಗೆ ಸೂಜಿ ಚುಚ್ಚಿ ನೀರು ಹನಿಸಲು ಬಿಟ್ಟಳು. ಗಂಡ ಹೆಂಡಿರು ಮಂಚದ ಎರಡು ಕಡೆ ಕುಳಿತರು. ಅವನು ತಲೆಯೆತ್ತಲಿಲ್ಲ. ಟ್ಯಾಕ್ಸಿಯಲ್ಲಿ ಬರುವಾಗ ಅವಳು ಅವನಿಗೆಂದು ಕೂಡಿಟ್ಟುಕೊಂಡ ಮಾತುಗಳು ಒಂದೆರಡಲ್ಲ. ಉತ್ತರ ಕೊಡಿ ಎಂದು ಹೇಳಿದ್ದೆನಲ್ಲ, ಬಿಡದೆ ಬಿಟ್ಟಾಯ್ತು ಎಂದು ಹೇಗೆ ಒತ್ತಿದಿರಿ? ಕೊನೆಗೆ ಅದೊಂದನ್ನು ಕೇಳಿಯೇಬಿಟ್ಟಳು.

ಅವನು ಗೊಂದಲದಿಂದ ನೋಡಿದ.

"ನೀನು ಕೇಳಿದ್ದು ಅಂದ್ಕೊಂಡೆ. ದಿನಾ ಕೇಳ್ತೀಯಲ್ಲ, ಮನೆ ಬಿಟ್ಟಾಯ್ತಾ, ಅಂಗಡಿ ಬಿಟ್ಟಾಯ್ತಾ ಅಂತ. ಸಿಗ್ನಲ್ಲಲ್ಲಿ ನಿಂತಿದ್ದೆ, ಫೋನು ಬಿಟ್ಟಾಯ್ತಾ ಅಂತು. ಮನೆ ಬಿಟ್ಟಿದ್ದೆ. ಬಿಟ್ಟಾಯ್ತು ಅಂತ ಒತ್ದೆ. ಗುಬ್ಬಿ ಮಲ್ಗಿದ್ಲು, ಸದ್ದೇ ಇರ್ಲಿಲ್ಲ..."

ನಿಜ, ಮದುವೆಯಾದಾಗಿನಿಂದ ಅವಳು ಅವನಿಗೆ ದಿನಕ್ಕೆರಡು ಸಲ ಕಳಿಸುತ್ತಿದ್ದ ಮಾತು ಅದೊಂದೇ. ಬಿಟ್ಟಾಯ್ತಾ? ಅವನ ಉತ್ತರವೂ ಯಾವಾಗಲೂ ಒಂದೇ. ತಮ್ಮ ಮನೆಯ ಮಾತನ್ನೇ ಅವಳು ತನಗರಿವಿಲ್ಲದೆ ಗುಂಡಿಯ ಮೇಲೆ ಬರೆದಿದ್ದಳು. ಅವನು ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ. ಕೇಳಿದವಳು ಅವಳು.

ಆಗ ಅವಳು ಸೀನಿನ ಕತೆಯನ್ನು ಹೇಳಿದಳು. ಐದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆಸ್ಪತ್ರೆಯ ಆ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು, ಮಗುವಿನ ಕೈಯ ಸೂಜಿಯನ್ನು ನೋಡುತ್ತ, ಮೆಲ್ಲಗೆ ಹೇಳಿದಳು. ಅವನು ಕೇಳಿದ. ಮಂಚದ ಆಚೆಯಿಂದ ಕೈಚಾಚಿ ಅವಳ ಬೆರಳು ಹಿಡಿದುಕೊಂಡ. ಇಬ್ಬರಿಗೂ ಸಮಾಧಾನವೇನೂ ಆಗಲಿಲ್ಲ. ಒಬ್ಬರು ಮರೆಯುವ ಮನೆಯಲ್ಲಿ ಇದ್ದೇವೆ ಎಂದುಕೊಂಡವರಿಗೆ ಇಬ್ಬರೂ ಮರೆಯುತ್ತೇವೆ ಎಂದು ಗೊತ್ತಾಯಿತು, ಅಷ್ಟೇ.

ಮರುದಿನ ಬೆಳಿಗ್ಗೆ ಬಿಟ್ಟು ಕಳಿಸಿದರು. ಕಾರಿಗೆ ಗಾಜಿಲ್ಲ, ಟ್ಯಾಕ್ಸಿ ಮಾಡಿಕೊಂಡರು. ಗುಬ್ಬಿ ಅಮ್ಮನ ಮಡಿಲಲ್ಲಿ ಕುಳಿತು ಕಿಟಕಿಯ ಹೊರಗಿನದನ್ನೆಲ್ಲ ತೋರಿಸಿ ತೊದಲುತ್ತಿದ್ದಳು. ಕರಡು ಮಾಮ ಫೋನು ಮಾಡಿ ಮಗುವಿನ ಅಳು ಕೇಳಿಸು ಎಂದರು, ನಗು ಕೇಳಿಸಿದ್ದೇ ಇಟ್ಟುಬಿಟ್ಟರು. ಅವಳು ಆ ಪದವನ್ನು ತೆಗೆಸುವ ಮಾತು ಎತ್ತುವಷ್ಟರಲ್ಲಿ ಫೋನು ಸುಮ್ಮನಾಗಿತ್ತು. ಮನೆಗೆ ಹೋಗಿ ಹೇಳೋಣ ಎಂದುಕೊಂಡಳು.

ಮನೆಯ ದಾರಿ ಶಿಶುವಿಹಾರದ ಮುಂದೆಯೇ. ಗೇಟು ಹಿಂದೆ ಹೋಯಿತು. ಗಂಡನ ಜೇಬಿನಲ್ಲಿ ಫೋನು ಮೆಲ್ಲಗೆ ಸದ್ದು ಮಾಡಿತು. ಅವನು ಅದನ್ನು ಹಾವು ಹಿಡಿದವನಂತೆ ದೂರಕ್ಕೆ ಹಿಡಿದು ತೆಗೆದ. ಬಿಟ್ಟಾಯ್ತಾ?

"ಇಲ್ಲ ಅನ್ನೋಕೆ ಎಲ್ಲಿ ಒತ್ಬೇಕು?" ಎಂದ.

ಅವಳು ನೋಡಿದಳು. ಇಡೀ ಪರದೆಯ ಮೇಲೆ ಇದ್ದದ್ದು ಒಂದು ಹಸಿರು ಗುಂಡಿ. ಅಂಥ ಉತ್ತರ ಬಂದೀತೆಂದು ಅವಳು ಯೋಚಿಸಿಯೇ ಇರಲಿಲ್ಲ.

"ನಾನು ಇಟ್ಟಿಲ್ಲ," ಎಂದಳು.

ಗುಬ್ಬಿಗೆ ಬಣ್ಣದ ಗುಂಡಿ ಕಂಡಿತು. ಖುಷಿಯಿಂದ ಮುಂದಕ್ಕೆ ಬಾಗಿ, ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದ ಕೈಯನ್ನೇ ಅದರ ಕಡೆಗೆ ಚಾಚಿ ಬೆರಳು ತೋರಿದಳು. ಇಬ್ಬರೂ ಒಟ್ಟಿಗೆ ಫೋನನ್ನು ಹಿಂದಕ್ಕೆ ಎಳೆದುಕೊಂಡರು.